ಆಶಾರಾಣಿಯ ಕೈಗುಣ

ಕೈಗುಣ ಅನ್ನುವ ಮಾತನ್ನು ನಾನು ಈಗ ಆಡುವುದಿಲ್ಲ. ಯಾರಾದರೂ ಆಡಿದರೆ ಸಿಟ್ಟು ಬರುತ್ತದೆ. ನಮ್ಮ ಕಡೆ ಹಾಲಿಗೆ ಹೆಪ್ಪು ಹಾಕುವುದರಿಂದ ಹಿಡಿದು ಸಸಿ ನೆಡುವವರೆಗೆ ಎಲ್ಲದಕ್ಕೂ ಕೈಗುಣ ಇರುವವರನ್ನು ಹುಡುಕಿಕೊಂಡು ಹೋಗುತ್ತೇವೆ. ಅವರಿಗೆ ಕೆಲಸ ಬರುತ್ತದೆ ಅನ್ನುವುದಿಲ್ಲ, ಕೈಗುಣ ಇದೆ ಅನ್ನುತ್ತೇವೆ. ಕೆಲಸ ಬರುತ್ತದೆ ಅಂದುಬಿಟ್ಟರೆ ಅವರ ಹೆಸರು ಹೇಳಬೇಕಾಗುತ್ತದೆ, ಕುರ್ಚಿ ಕೊಡಬೇಕಾಗುತ್ತದೆ. ಕೈಗುಣಕ್ಕೆ ಅದೇನೂ ಬೇಕಿಲ್ಲ, ದೇವರು ಕೊಟ್ಟದ್ದು, ಪುಕ್ಕಟೆ. ಆಶಾರಾಣಿಯ ವಿಷಯದಲ್ಲಿ ನಮ್ಮ ಕಂಪನಿಯವರು ಮಾಡಿದ್ದು ಇದನ್ನೇ. ಕಂಪನಿಯವರು ಅಂತ ಬೊಟ್ಟು ಮಾಡಿ ತೋರಿಸುವಾಗ ಅದರಲ್ಲಿ ನಾನೂ ಒಬ್ಬ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಹೆಸರು ನಂದೀಶ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಪ್ಯಾಕಿಂಗು, ರವಾನೆ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ತಯಾರಾಗುವುದು ಬೆರಳುದ್ದದ ಸೀಸೆಯ ತಳದಲ್ಲಿ ಅಂಟಿಕೊಂಡಿರುವ ಚಿಟಿಕೆ ಬಿಳಿ ಪುಡಿ. ಅದರ ಇಂಗ್ಲಿಷ್ ಹೆಸರು ಮಾರುದ್ದ ಇದೆ, ನಾವು ಕೆಲಸಗಾರರು ಪುಡಿ ಅಂತಲೇ ಅನ್ನುತ್ತೇವೆ. ಮನುಷ್ಯನ ರಕ್ತದಲ್ಲಿ ರೋಗದ ಜೊತೆ ಹೊಡೆದಾಡುವ ಕೋಶಗಳಿವೆಯಲ್ಲ, ಕ್ಯಾನ್ಸರ್ ಬಂದವರಿಗೆ ಆ ಕೋಶಗಳನ್ನೇ ಹೊರಗೆ ತೆಗೆದು, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಲಕ್ಷ, ಕೋಟಿಯಾಗಿ ಬೆಳೆಸಿ, ಮತ್ತೆ ಮೈಗೆ ಏರಿಸುವ ಚಿಕಿತ್ಸೆ ಈಗ ಬಂದಿದೆ. ಮೈಯಿಂದ ಹೊರಗೆ ಬಂದ ಕೋಶಗಳು ಸುಮ್ಮನೆ ಬೆಳೆಯುವುದಿಲ್ಲ. ಬೆಳೆ ಅಂತ ಹೇಳುವ ಒಂದು ಪ್ರೋಟೀನು ಅವಕ್ಕೆ ಬೇಕು. ಮನುಷ್ಯರ ಮೈಯಲ್ಲಿ ಅದು ಇರುವುದು ಎಳ್ಳಷ್ಟು, ತೆಗೆದು ಮಾರುವುದು ಆಗದ ಮಾತು. ಹಾಗಾಗಿ ಅದನ್ನು ಮಾಡುವ ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಆ ಬ್ಯಾಕ್ಟೀರಿಯಾದ ಕೈಯಲ್ಲೇ ಮಾಡಿಸಿ, ಶುದ್ಧ ಮಾಡಿ, ಒಣಗಿಸಿ ಸೀಸೆಗೆ ತುಂಬುತ್ತಾರೆ. ನಾನು ಅದನ್ನು ಒಣ ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಕಳಿಸುತ್ತೇನೆ.

ಪುಡಿಗೆ ಶಕ್ತಿ ಇದೆಯೋ ಇಲ್ಲವೋ ಅಂತ ನೋಡಿ ಹೇಳಲಾಗುವುದಿಲ್ಲ, ತೂಗಿಯೂ ಹೇಳಲಾಗುವುದಿಲ್ಲ. ಜೀವ ಇರುವ ಕೋಶಕ್ಕೆ ಕೊಟ್ಟೇ ನೋಡಬೇಕು. ಅದಕ್ಕಾಗಿ ನಮ್ಮ ಪ್ರಯೋಗಾಲಯದಲ್ಲಿ ಒಂದು ಜಾತಿಯ ಕೋಶಗಳನ್ನು ಸಾಕಿಟ್ಟಿದ್ದಾರೆ. ಯಾವ ಕಾಲದಲ್ಲೋ ಇಲಿಯ ಮೈಯಿಂದ ತೆಗೆದವು, ಈ ಪುಡಿಯೊಂದನ್ನೇ ನಂಬಿ ಬದುಕುವಂಥವು. ಪರೀಕ್ಷೆಯ ಹಿಂದಿನ ಸಂಜೆ ಅವನ್ನು ತೊಳೆದು ಉಪವಾಸ ಕೆಡವಬೇಕು. ಬೆಳಿಗ್ಗೆ ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಗೆ ಹಂಚಿ, ಒಂದೊಂದು ಸಾಲಿಗೆ ಒಂದೊಂದು ಅಳತೆಯ ಪುಡಿ ಹಾಕಬೇಕು. ಒಂದು ಸಾಲಿಗೆ ಮಾತ್ರ ಏನೂ ಹಾಕಬಾರದು. ಅದು ಖಾಲಿ ಸಾಲು. ಅಲ್ಲಿನ ಕೋಶಗಳು ಸಾಯಬೇಕು. ಅವು ಸತ್ತರೇನೇ ಮಿಕ್ಕ ಸಾಲಿನವು ಬದುಕಿದ್ದು ಪುಡಿಯಿಂದ ಅಂತ ಗೊತ್ತಾಗುವುದು.

ಈ ಕೋಶಗಳನ್ನು ಐದು ವರ್ಷ ಸಾಕಿದವಳು ಆಶಾರಾಣಿ. ಕಾಗದದ ಮೇಲೆ ಅವಳು ಗಾಜಿನ ಪಾತ್ರೆ ತೊಳೆಯುವ ಗುತ್ತಿಗೆ ಕೆಲಸದವಳು.

ಸಾಸಲು ಕಡೆಯವಳು. ಮದುವೆಯಾಗಿ ಬಂದ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಅತ್ತೆ ದ್ಯಾವಮ್ಮನ ಹುಳುಮನೆಯ ಶಿಸ್ತು ಆ ಸುತ್ತಿನಲ್ಲೆಲ್ಲ ಪ್ರಸಿದ್ಧಿ. ಚಪ್ಪಲಿ ಹೊರಗೆ, ಕೈಗೆ ಸುಣ್ಣದ ನೀರು, ತಲೆಗೆ ಹೂವು ಮುಡಿದು ಬರುವಂತಿಲ್ಲ, ಬೀಡಿ ಸೇದಿದವರು ಆ ಕಡೆ ತಲೆಹಾಕುವಂತಿಲ್ಲ. ಸೊಸೆ ಮೊದಲ ವರ್ಷ ಬರೀ ಕಸ ತೆಗೆದಳು. ಎರಡನೇ ವರ್ಷ ಸೊಪ್ಪು ಹೆಚ್ಚಿದಳು. ಮೂರನೇ ವರ್ಷ ಅತ್ತೆ ಅವಳನ್ನು ಮರಿಹುಳುವಿನ ತಟ್ಟೆಯ ಮುಂದೆ ನಿಲ್ಲಿಸಿ, "ಇವಕ್ಕೆ ಏನ್ ಬೇಕು ನೋಡೇಳು" ಅಂದಳಂತೆ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಆಗ ಸೊಪ್ಪು ಹಾಕಬಾರದು. ಜ್ವರದಿಂದ ಎದ್ದ ಮೇಲೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಸ್ವಲ್ಪವೇ ಹಾಕಬೇಕು. ಎದ್ದದ್ದು ಸೊರಗಿದ್ದರೆ ಅರ್ಧ ಮೇವಾದರೂ ಕೊಟ್ಟು ಮೇಲೆತ್ತಿಕೊಳ್ಳಬೇಕು, ಇಲ್ಲವಾದರೆ ಇಡೀ ತಟ್ಟೆ ಕೈಬಿಟ್ಟ ಹಾಗೆ. ಆಶಾರಾಣಿಗೆ ಇದು ಉಸಿರಾಡಿದಷ್ಟು ಸಲೀಸಾಯಿತು.

ಆಮೇಲೆ ಪಕ್ಕದ ಜಮೀನುಗಳಲ್ಲಿ ಗುಲಾಬಿಯ ಪಾಲಿಹೌಸುಗಳು ಎದ್ದವು. ಅವರು ಹೊಡೆಯುವ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತು, ಎರಡು ಬೆಳೆ ಹುಳು ಗೂಡು ಕಟ್ಟುವ ಮೊದಲೇ ಸತ್ತವು. ದ್ಯಾವಮ್ಮ ಹುಳುಮನೆಗೆ ಬೀಗ ಹಾಕಿದಳು. ಸೊಸೆ ನಮ್ಮ ಕಂಪನಿಯ ಬಸ್ಸು ಹತ್ತಿದಳು.

ಅದೇ ವರ್ಷ ಹರ್ಷಿತ ಅನ್ನುವ ಹುಡುಗಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಿಂದ ಬಂದು ಪರೀಕ್ಷಾ ವಿಭಾಗಕ್ಕೆ ಸೇರಿದ್ದಳು. ಬುದ್ಧಿವಂತೆ, ಒಳ್ಳೆಯವಳು, ಭಯಸ್ಥೆ. ನೈಟ್ರೋಜನ್ ಟ್ಯಾಂಕಿನಲ್ಲಿ ಹೆಪ್ಪುಗಟ್ಟಿಸಿಟ್ಟ ಕೋಶಗಳನ್ನು ಕರಗಿಸಿ ಬದುಕಿಸಿಕೊಳ್ಳುವುದು ಅವಳ ಕೆಲಸ. ಮೂರು ಸಲ ಕರಗಿಸಿದಳು, ಮೂರು ಸಲವೂ ಸತ್ತವು. ನಾಲ್ಕನೇ ಸಲ ಅವಳು ಸೀಸೆ ಬಗ್ಗಿಸುವಾಗ, ತೊಳೆಯುವ ಪಾತ್ರೆ ಒಯ್ಯಲು ಬಂದಿದ್ದ ಆಶಾರಾಣಿ ಬಾಗಿಲಲ್ಲೇ ನಿಂತಳು.

"ಮೇಡಂ, ಹಂಗೆ ಬಡಬಡ ಸುರೀಬೇಡಿ. ಈಗ ತಾನೆ ಎದ್ದಿರ್ತಾವೆ. ಒಂದೊಂದೇ ಹನಿ ಬಿಡಿ."

"ನೀವು ಮಾಡಿದೀರಾ ಆಶಕ್ಕ ಈ ಥರದ್ದು?"

"ಇದಲ್ಲ. ಇಂಥವು."

ಹರ್ಷಿತ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಆ ಸಲ ಕೋಶಗಳು ಬದುಕಿದವು, ಮುಂದಿನ ಸಲವೂ ಬದುಕಿದವು. ಗುಣಮಟ್ಟ ವಿಭಾಗದ ಮುಖ್ಯಸ್ಥ ಮುನೀಂದ್ರ ಸಾಹೇಬರೇ ಒಂದು ದಿನ ನಗುತ್ತಾ, "ಏನಮ್ಮಾ, ಒಳ್ಳೆ ಕೈಗುಣ ಕಣಮ್ಮ ನಿಂದು" ಅಂದರು. ಅಲ್ಲಿಗೆ ವಿಷಯ ಇತ್ಯರ್ಥವಾಯಿತು. ಅವತ್ತಿನಿಂದ ಬಾಗಿಲು ತೆರೆಯುವುದು ಹರ್ಷಿತಳ ಕಾರ್ಡು, ಒಳಗೆ ಕೆಲಸ ಮಾಡುವುದು ಆಶಾರಾಣಿಯ ಕೈ, ಕೆಳಗೆ ಬೀಳುವುದು ಹರ್ಷಿತಳ ರುಜು. ಕೋಶ ಕರಗಿಸುವ ದಿನ ಸಾಹೇಬರು ಫೋನಿನಲ್ಲಿ, "ಆಶಾರಾಣಿ ಬಂದ್ಲಾ? ಬರಲಿ, ಆಮೇಲೆ ಶುರು ಮಾಡಿ" ಅನ್ನುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ತಪಾಸಣೆಯವರು ಬರುವ ದಿನ ಮಾತ್ರ ಅವಳಿಗೆ ಕ್ಯಾಂಟೀನಿನ ಹಿಂದೆ ಗಿಡಕ್ಕೆ ನೀರು ಹಾಕುವ ಕೆಲಸ. ನಾವೆಲ್ಲ ಅದನ್ನು ತಮಾಷೆ ಅಂದುಕೊಂಡಿದ್ದೆವು. ಅವಳೂ ನಗುತ್ತಿದ್ದಳು.

"ನಿಮ್ಗೆ ಬೇಜಾರಾಗಲ್ವಾ ಆಶಮ್ಮ?" ಅಂತ ಬಸ್ಸಿನಲ್ಲಿ ಒಮ್ಮೆ ಕೇಳಿದ್ದೆ.

"ಹುಳ ಸಾಕೋರ ಹೆಸ್ರು ಸೀರೆ ಮೇಲೆ ಬರೀತಾರಾ ನಂದೀಶಣ್ಣ?" ಅಂದಳು. ಅವಳು ಅದನ್ನು ದುಃಖದಿಂದ ಹೇಳಲಿಲ್ಲ. ನನಗೂ ಅದು ಸರಿ ಅನ್ನಿಸಿತು ಅನ್ನುವುದಕ್ಕೆ ಈಗ ನಾಚಿಕೆಯಾಗುತ್ತದೆ.

ಹೋದ ಕಾರ್ತಿಕದಲ್ಲಿ ಹರ್ಷಿತಳ ಅಕ್ಕನ ಮದುವೆ ಹೊಸಕೋಟೆಯಲ್ಲಿ. ಆರು ದಿನ ರಜೆ. ಅದೇ ವಾರ ಒಂದು ಕಂತಿನ ಪುಡಿ, ಅಂದರೆ ಒಂದೇ ಸಲಕ್ಕೆ ತಯಾರಾದದ್ದು, ಹೊರಡಬೇಕಿತ್ತು. ರಜೆ ಹಾಕಿ ಹೋಗುವಾಗ ಹರ್ಷಿತ ಬಾಗಿಲಿನ ಕಾರ್ಡನ್ನು ಆಶಾರಾಣಿಯ ಕೈಗೆ ಕೊಟ್ಟು ಹೋದಳು. ಆ ಸಲ ಟ್ಯಾಂಕಿನಿಂದ ಎದ್ದ ಕೋಶಗಳು ಮಂಕಾಗಿದ್ದವು. ಎರಡು ದಿನ ಆರೈಕೆ ಮಾಡಿದರೂ ಚುರುಕಾಗಲಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ತೊಳೆದು ಉಪವಾಸ ಕೆಡವಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತು, ಐದು ವರ್ಷದಿಂದ ಮಾಡಿದ್ದಾಳೆ. ಆದರೆ ಸೂಕ್ಷ್ಮದರ್ಶಕದಲ್ಲಿ ಅವನ್ನು ನೋಡಿದಾಗ ಜ್ವರದಿಂದ ಎದ್ದು ಸೊರಗಿದ ಹುಳು ಕಂಡಿತು. ಹೀಗೇ ಉಪವಾಸ ಕೆಡವಿದರೆ ಬೆಳಿಗ್ಗೆಗೆ ಎಲ್ಲವೂ ಹೋಗುತ್ತವೆ, ಕಂತು ನಿಲ್ಲುತ್ತದೆ, ರಜೆಯಲ್ಲಿರುವ ಹುಡುಗಿಗೆ ಬೈಗುಳ ಬೀಳುತ್ತದೆ. ತೊಳೆದ ಮೇಲೆ ಅರ್ಧ ಮೇವು, ಅಂದರೆ ದಿನವೂ ಅವಕ್ಕೆ ಹಾಕುವ ಹಳೆಯ ಒಳ್ಳೆಯ ಪುಡಿಯ ಅರ್ಧ ಅಳತೆ, ಹಾಕಿದಳು. ಬೆಳಿಗ್ಗೆ ಇನ್ನೊಂದು ಸಲ ತೊಳೆದರೆ ಸರಿಹೋಗುತ್ತದೆ ಅಂದುಕೊಂಡಳು.

ಸರಿಹೋಗಲಿಲ್ಲ. ಎರಡು ದಿನದ ಮೇಲೆ, ಬದುಕಿದ ಕೋಶ ಇದ್ದಲ್ಲಿ ಮಾತ್ರ ಏರುವ ಬಣ್ಣ ಹಾಕಿ ಯಂತ್ರದಲ್ಲಿ ತಟ್ಟೆ ಓದಿಸಿದಾಗ ಖಾಲಿ ಸಾಲು ಸತ್ತಿರಲಿಲ್ಲ. ಅವಳು ಗಾಬರಿಯಾಗಿ ಮದುವೆ ಮನೆಗೆ ಫೋನ್ ಮಾಡಿದಳು. ಹಿಂದೆ ವಾಲಗ.

"ಆಶಕ್ಕ, ಖಾಲಿ ಸಾಲು ಬದುಕೋಕೆ ಚಾನ್ಸೇ ಇಲ್ಲ. ಮಿಷಿನ್ ತಪ್ಪು ಓದಿರುತ್ತೆ. ಅದೊಂದು ಬಿಟ್ಟು ಮಿಕ್ಕಿದ್ದು ಬರ್ದಿಡಿ, ನಾನು ಬಂದು ನೋಡ್ತೀನಿ."

ಅರ್ಧ ಮೇವಿನ ವಿಷಯ ಆಶಾರಾಣಿ ಹೇಳಲಿಲ್ಲ. ವಾಲಗದ ಗದ್ದಲದಲ್ಲಿ ಹೇಳಲಾಗಲಿಲ್ಲ ಅನ್ನುತ್ತಾಳೆ. ಹೇಳಲು ಭಯವಾಯಿತು ಅಂತಲೂ ಅನ್ನುತ್ತಾಳೆ. ಹರ್ಷಿತ ಬಂದಳು, ಖಾಲಿ ಸಾಲಿನ ಜಾಗದಲ್ಲಿ ಹಿಂದಿನ ಕಂತಿನ ಅಂಕಿಯನ್ನೇ ತುಂಬಿದಳು, ತಾನೇ ಮಾಡಿದ ಹಾಗೆ ರುಜು ಹಾಕಿದಳು. ಮಿಕ್ಕ ಸಾಲುಗಳೆಲ್ಲ ದಷ್ಟಪುಷ್ಟವಾಗಿದ್ದವು. ಪುಡಿ ಉತ್ತಮ ಅಂತ ಆಯಿತು. ಅದು ಪುಡಿಯ ಶಕ್ತಿಯಲ್ಲ, ಹಿಂದಿನ ಸಂಜೆ ಉಂಡ ಅರ್ಧ ಮೇವಿನ ಶಕ್ತಿ ಅಂತ ಕಾಗದಕ್ಕೆ ಗೊತ್ತಾಗುವ ದಾರಿ ಇರಲಿಲ್ಲ. ನಾನು ಹತ್ತು ಡಬ್ಬ ಕಟ್ಟಿ ಕಳಿಸಿದೆ. ಆರು ಒಂದು ಆಸ್ಪತ್ರೆಗೆ, ನಾಲ್ಕು ಇನ್ನೊಂದಕ್ಕೆ.

ಮಾಘದಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಮುನೀಂದ್ರ ಸಾಹೇಬರು ಎಲ್ಲರನ್ನೂ ನಿಲ್ಲಿಸಿ ಒಂದು ಪತ್ರ ಓದಿದರು. ಆರು ಡಬ್ಬ ಹೋದ ಆಸ್ಪತ್ರೆಯಿಂದ ಬಂದದ್ದು. ಒಬ್ಬ ರೋಗಿಯ ಕೋಶಗಳನ್ನು ತೆಗೆದು ನಮ್ಮ ಪುಡಿಯಲ್ಲಿ ಬೆಳೆಸಲು ಇಟ್ಟಿದ್ದರು. ಬೆಳೆಯಲಿಲ್ಲ. ಒಂಬತ್ತನೇ ದಿನಕ್ಕೆ ಎಲ್ಲ ಸತ್ತವು. ರೋಗ ಮುಂದುವರಿದಿರುವ ಕಾರಣ ಎರಡನೇ ಸಲ ಕೋಶ ತೆಗೆಯುವುದು ಸಾಧ್ಯವಿಲ್ಲ ಅಂತ ಕೊನೆಯ ಸಾಲಿನಲ್ಲಿ ಬರೆದಿದ್ದರು. ಸಾಹೇಬರು ಆ ಸಾಲನ್ನು ಬೇಗ ಓದಿ ಮುಗಿಸಿದರು. "ನಮ್ಮ ವರದಿ ಕ್ಲೀನ್ ಇದೆ. ಅವ್ರು ಇಟ್ಕೊಂಡಿದ್ರಲ್ಲೇ ಏನೋ ಎಡವಟ್ಟಾಗಿದೆ. ಯಾರೂ ತಲೆ ಕೆಡಿಸ್ಕೋಬೇಡಿ" ಅಂದರು.

ಪಾತ್ರೆಯ ಗಾಡಿ ಹಿಡಿದುಕೊಂಡು ನಿಂತಿದ್ದ ಆಶಾರಾಣಿ ಕಂತಿನ ಸಂಖ್ಯೆ ಕೇಳಿದಳಷ್ಟೆ. ಮಧ್ಯಾಹ್ನ ಊಟದ ಡಬ್ಬಿ ತೆಗೆಯಲಿಲ್ಲ. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತಳು, ಅರ್ಧ ಮೇವಿನಿಂದ ಹಿಡಿದು ಎಲ್ಲ ಹೇಳಿದಳು.

"ಇನ್ನ ನಾಕು ಡಬ್ಬ ಎಲ್ಲೈತೆ ನಂದೀಶಣ್ಣ?"

ನನಗೆ ಗೊತ್ತಿತ್ತು. ಎರಡು ದಿನದ ಹಿಂದಷ್ಟೆ ಆ ಇನ್ನೊಂದು ಆಸ್ಪತ್ರೆಯವರು ಡಬ್ಬದ ತಾಪಮಾನದ ಪಟ್ಟಿ ಕೇಳಿ ಫೋನ್ ಮಾಡಿದ್ದರು. ಸೋಮವಾರ ಬೆಳಿಗ್ಗೆ ಒಬ್ಬರ ಕೋಶ ಹಾಕುತ್ತಿದ್ದೇವೆ, ಅದಕ್ಕೆ ಬೇಕು ಅಂದಿದ್ದರು.

"ಸೋಮವಾರನಾ?" ಅಂದಳು. ಇಳಿಯುವಾಗ, "ನಾಳೆ ಸಾರ್‌ಗೆ ಹೇಳ್ತೀನಿ" ಅಂದಳು.

ಶನಿವಾರ ಸಾಹೇಬರ ಕೋಣೆಯಲ್ಲಿ ನಾನೂ ಇದ್ದೆ. ಆ ಕಂತಿನ ರವಾನೆ ಪುಸ್ತಕ ತರಲು ಹೇಳಿದ್ದರು. ಹರ್ಷಿತ ಗೋಡೆಗೆ ಒರಗಿ ನಿಂತಿದ್ದಳು. ಆಶಾರಾಣಿ ಒಂದೇ ಉಸಿರಿಗೆ ಹೇಳಿದಳು. ಮಂಕಾಗಿದ್ದ ಕೋಶ, ಅರ್ಧ ಮೇವು, ಸಾಯದ ಖಾಲಿ ಸಾಲು. ಕೊನೆಗೆ, "ಸೋಮವಾರ ಇನ್ನೊಬ್ಬರದ್ದು ಹಾಕ್ತಾರಂತೆ ಸಾರ್. ಫೋನ್ ಮಾಡಿ ಬ್ಯಾಡ ಅನ್ನಿ" ಅಂದಳು.

ಮುನೀಂದ್ರ ಸಾಹೇಬರು ಕೆಟ್ಟವರಲ್ಲ. ಅವರು ಅದುರಿಹೋಗಿದ್ದನ್ನು ನಾನು ನೋಡಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆಶಾರಾಣಿ, ನಿಮ್ಗೆ ಗೊತ್ತಾಗ್ತಿದ್ಯಾ ಏನ್ ಹೇಳ್ತಿದೀರಿ ಅಂತ? ನೀವೇ ಮಾಡಿದ್ದು ಅಂತ ಒಪ್ಕೊಂಡ್ರೆ ಐದು ವರ್ಷದ ಒಂದೊಂದು ಕಾಗದನೂ ಸುಳ್ಳಾಗುತ್ತೆ. ಲೈಸೆನ್ಸ್ ಹೋಗುತ್ತೆ. ನೂರಿಪ್ಪತ್ತು ಜನ ಮನೆಗೆ ಹೋಗ್ಬೇಕಾಗುತ್ತೆ."

"ಆ ಡಬ್ಬ ಮಾತ್ರ ವಾಪಸ್ ತರ್ಸಿ ಸಾರ್. ಏನಾದ್ರೂ ಬೇರೆ ಕಾರಣ ಹೇಳಿ."

"ಕಾರಣ ಇಲ್ದೆ ವಾಪಸ್ ತರ್ಸಕ್ಕಾಗಲ್ಲಮ್ಮ. ತನಿಖೆ ಆಗುತ್ತೆ." ಅವರು ಹರ್ಷಿತಳ ಕಡೆ ತಿರುಗಿದರು. "ಹೇಳಿ, ಆ ಟೆಸ್ಟ್ ಮಾಡಿದ್ದು ಯಾರು?"

ಹರ್ಷಿತಳ ಮುಖ ಬಿಳಿಚಿಕೊಂಡಿತ್ತು. "ನಾನು ಸಾರ್. ಆಶಕ್ಕ ಗ್ಲಾಸ್ ತಗೊಂಡು ಹೋಗೋಕೆ ಬರ್ತಿದ್ರು ಅಷ್ಟೇ."

ಆಶಾರಾಣಿ ಅವಳನ್ನು ದಿಟ್ಟಿಸಿ ನೋಡಿದಳು. ಬೈಯಲಿಲ್ಲ. ಸಾಹೇಬರು ನನ್ನ ಕಡೆ ನೋಡಿದರು.

"ನಂದೀಶ್, ನೀವೇನಾದ್ರೂ ನೋಡಿದೀರಾ?"

ನಾನು ಐದು ವರ್ಷ ನೋಡಿದ್ದೆ. ಗಾಜಿನ ಗೋಡೆಯ ಆಚೆ ಅವಳು ತಲೆಗೆ ಟೋಪಿ ಹಾಕಿಕೊಂಡು ಹನಿ ಹನಿಯಾಗಿ ಸುರಿಯುವುದನ್ನು ಕಾಫಿ ಕುಡಿಯುತ್ತಾ ನೋಡಿದ್ದೆ.

"ನಾನು ಪ್ಯಾಕಿಂಗ್ ಸಾರ್. ಲ್ಯಾಬ್ ಒಳಗೆ ಹೋಗಲ್ಲ" ಅಂದೆ.

ಅಷ್ಟು ಹೇಳಿ ಹೊರಗೆ ಬಂದವನು ಅವತ್ತು ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತೆ. ಅವಳು ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಸಾಸಲು ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ನನ್ನ ಹೆಂಡತಿ ಶಿಲ್ಪ ಒಳಗೆ ಕರೆದು ಕಾಫಿ ಕೊಟ್ಟಳು. ಕಾಫಿ ಮುಗಿಯುವ ತನಕ ಆಶಾರಾಣಿ ಶಿಲ್ಪಳ ಹತ್ತಿರ ಅವರೆಕಾಯಿಯ ಬೆಲೆಯ ವಿಷಯ ಮಾತಾಡಿದಳು. ಆಮೇಲೆ ಲೋಟ ಕೆಳಗಿಟ್ಟು, "ಆ ಆಸ್ಪತ್ರೆಯೋರ ನಂಬರ್ ಕೊಡಿ ನಂದೀಶಣ್ಣ" ಅಂದಳು.

"ನಿಮ್ ಕೆಲ್ಸ ಹೋಗುತ್ತೆ ಆಶಮ್ಮ."

"ಹೋಗ್ಲಿ ಬುಡಿ."

"ನಿಮ್ಮತ್ತೆಗೆ ಹೇಳಿದ್ರಾ?"

"ಹೇಳ್ದೆ. ಒಂದ್ ತಟ್ಟೆ ಕೆಡಿಸ್ದೋಳು ಇನ್ನೊಂದ್ ತಟ್ಟೆನಾದ್ರೂ ಉಳಿಸ್ಕೋಬೇಕಲ್ವೇನೇ, ಇಲ್ಲಿ ಬಂದು ಯಾಕ್ ಅಳ್ತಾ ಕೂತಿದೀಯ ಅಂತ ಬೈದ್ರು."

ನಂಬರು ನನ್ನ ಫೋನಿನಲ್ಲಿತ್ತು. ಅದನ್ನು ನಾನೇ ಒತ್ತಿ ಮಾತಾಡಬಹುದಿತ್ತು. ರವಾನೆ ವಿಭಾಗದ ನಂದೀಶ ಅಂದರೆ ಅವರು ತಕ್ಷಣ ನಂಬುತ್ತಿದ್ದರು. ಒಂದು ನಿಮಿಷ ಆ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಒಳಗೆ ಶಿಲ್ಪ ಪಾತ್ರೆ ಎತ್ತಿಡುವ ಸದ್ದು ನಿಂತಿತ್ತು, ಅವಳೂ ಕೇಳಿಸಿಕೊಳ್ಳುತ್ತಿದ್ದಳು. ನಾನು ಹತ್ತು ಅಂಕಿಯನ್ನು ಒಂದೊಂದಾಗಿ ಓದಿ ಹೇಳಿದೆ. ಆಶಾರಾಣಿ ತನ್ನ ಫೋನಿನಲ್ಲಿ ಒತ್ತಿಕೊಂಡಳು. ನನ್ನ ಧೈರ್ಯ ಅಷ್ಟೇ.

ಆ ಕಡೆ ಎತ್ತಿದ್ದು ಪ್ರಯೋಗಾಲಯದ ಡಾಕ್ಟರಮ್ಮ. ಫೋನಿನ ಧ್ವನಿ ಜೋರಾಗಿತ್ತು, ನನಗೆಲ್ಲ ಕೇಳಿಸುತ್ತಿತ್ತು. ಆಶಾರಾಣಿ ಕಂಪನಿಯ ಹೆಸರು, ಕಂತಿನ ಸಂಖ್ಯೆ ಹೇಳಿ, ಆ ನಾಲ್ಕು ಡಬ್ಬ ನಾಳೆ ತೆಗೆಯಬೇಡಿ ಅಂದಳು.

"ನೀವು ಯಾರು? ಕ್ವಾಲಿಟಿ ಡಿಪಾರ್ಟ್‌ಮೆಂಟಾ?"

"ಅಲ್ಲ ಮೇಡಂ. ಗ್ಲಾಸ್ ತೊಳಿಯೋಳು."

ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. "ನೋಡಿ ಅಮ್ಮಾ, ಇವತ್ತು ಭಾನುವಾರ. ನಿಮ್ ಕಂಪನಿಯಲ್ಲಿ ಏನಾದ್ರೂ ಜಗಳ ಇದ್ರೆ..."

"ಜಗಳ ಅಲ್ಲ ಮೇಡಂ. ಆ ಪುಡಿ ಟೆಸ್ಟ್ ಮಾಡ್ದೋಳು ನಾನೇ. ಹಿಂದಿನ ಸಂಜೆ ಕೋಶ ಉಪ್ವಾಸ ಬಿಟ್ಟಿರ್ಲಿಲ್ಲ. ಅರ್ಧ ಮೇವು ಹಾಕ್ಬಿಟ್ಟಿದ್ದೆ. ಖಾಲಿ ಸಾಲು ಸಾಯ್ಲಿಲ್ಲ ಮೇಡಂ. ಮಿಕ್ಕಿದ್ ಸಾಲ್ಗೆ ಆಗೋವಷ್ಟೇ ಅದ್ಕೂ ಬಣ್ಣ ಬಂದಿತ್ತು. ಕಾಗದದಲ್ಲಿ ಸತ್ತೈತೆ ಅಂತ ಇರ್ತದೆ. ಅದು ಹಿಂದಿನ ಕಂತಿನ ಲೆಕ್ಕ."

ಫೋನ್ ಕಟ್ಟಾಯಿತೋ ಅಂತ ಅವಳು ಕಿವಿಯಿಂದ ತೆಗೆದು ನೋಡಿದಳು.

"ಇನ್ನೊಂದ್ಸಲ ಹೇಳಿ," ಅಂದರು ಡಾಕ್ಟರಮ್ಮ. ಈ ಸಲ ಧ್ವನಿ ಬೇರೆಯಾಗಿತ್ತು. "ತೊಳೆದ ಮೇಲೆ ಎಷ್ಟು ಹಾಕಿದ್ರಿ? ಬೆಳಿಗ್ಗೆ ಎಷ್ಟು ಸಲ ತೊಳೆದ್ರಿ?"

ಮುಂದಿನ ಕಾಲು ಗಂಟೆ ಅವರಿಬ್ಬರೂ ಮಾತಾಡಿದರು. ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಆಶಾರಾಣಿ ಅಳತೆ ಸಮೇತ ಉತ್ತರ ಕೊಟ್ಟಳು. ನನಗೆ ಅರ್ಧವೂ ತಿಳಿಯಲಿಲ್ಲ. ಐದು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ಅವಳನ್ನೇ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಆ ಡಾಕ್ಟರಮ್ಮ. ಕೊನೆಗೆ, "ನಾಳೆ ನಾವು ಇದನ್ನ ತೆಗೆಯಲ್ಲ. ರೋಗಿಯನ್ನ ಮುಂದಿನ ವಾರಕ್ಕೆ ಕರೀತೀವಿ" ಅಂದರು. ಆಶಾರಾಣಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೇಡಂ, ಆ ಇನ್ನೊಂದ್ ಆಸ್ಪತ್ರೇಲಿ ಬೆಳೀಲಿಲ್ವಂತಲ್ಲ, ಅವ್ರು ಹೆಂಗವ್ರೆ?"

"ಅದು ನಮಗೆ ಗೊತ್ತಾಗಲ್ಲಮ್ಮ."

ನಮಗೂ ಇವತ್ತಿನವರೆಗೆ ಗೊತ್ತಾಗಿಲ್ಲ. ಗಂಡಸೋ ಹೆಂಗಸೋ, ಮಗುವೋ, ಅದೂ ತಿಳಿಯದು. ಆಶಾರಾಣಿ ಬಸ್ಸಿನಲ್ಲಿ ಕೂದಲು ಉದುರಿದ ತಲೆಗೆ ಬಟ್ಟೆ ಕಟ್ಟಿಕೊಂಡ ಯಾರನ್ನಾದರೂ ಕಂಡರೆ ಮುಖ ಆಚೆ ತಿರುಗಿಸುತ್ತಾಳೆ. ಒಂದು ಸಲ ನನ್ನ ಹತ್ತಿರ, "ಸೊರಗಿದ್ದಕ್ಕೆ ಮೇವು ಹಾಕ್ದೆ, ಅದ್ರಲ್ಲಿ ನನ್ ತಪ್ಪು ಎಲ್ಲೈತೆ ಅಂತ ಹುಡುಕ್ತಾನೇ ಇರ್ತೀನಿ. ಫೋನಲ್ಲಿ ಹೇಳ್ದೆ ಇದ್ನಲ್ಲ, ಅಲ್ಲೇ ಇರೋದು" ಅಂದಿದ್ದಳು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಹೇಳುವ ಯೋಗ್ಯತೆ ನನಗಿರಲಿಲ್ಲ.

ಆ ಆಸ್ಪತ್ರೆಯವರು ಪುಡಿಯನ್ನು ತಾವೇ ಪರೀಕ್ಷೆ ಮಾಡಿಸಿದರು. ಇರಬೇಕಾದ ಶಕ್ತಿಯಲ್ಲಿ ಅರ್ಧವೂ ಇರಲಿಲ್ಲ. ಒಣಗಿಸುವ ಯಂತ್ರ ಎಲ್ಲೋ ಕೈಕೊಟ್ಟಿತ್ತು. ಕಂಪನಿ ಆ ಕಂತನ್ನು ವಾಪಸ್ ತರಿಸಿತು. ತನಿಖೆ ಅಂತ ಒಂದೂವರೆ ತಿಂಗಳು ನಡೆಯಿತು. ಹರ್ಷಿತಳಿಗೆ ಎಚ್ಚರಿಕೆಯ ಪತ್ರ ಕೊಟ್ಟು ಬೇರೆ ವಿಭಾಗಕ್ಕೆ ಹಾಕಿದರು. ಅವಳು ಒಂದು ದಿನ ಕ್ಯಾಂಟೀನಿನಲ್ಲಿ ಆಶಾರಾಣಿಯ ಕೈ ಹಿಡಿದುಕೊಂಡು ಅತ್ತಳು. "ಬುಡಿ ಮೇಡಂ, ನೀವ್ ಇನ್ನೂ ಚಿಕ್ಕೋರು" ಅಂತ ಆಶಾರಾಣಿಯೇ ಸಮಾಧಾನ ಮಾಡಿದಳು. ನನಗೆ ಅದನ್ನು ನೋಡಿ ಮೈ ಉರಿಯಿತು. ಹರ್ಷಿತಳ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಆಡಳಿತ ವಿಭಾಗದವರು ಆಶಾರಾಣಿಯನ್ನು ಕರೆದ ದಿನ ನನ್ನನ್ನೂ ಕರೆದರು. ಮೇಜಿನ ಮೇಲೆ ಒಂದೇ ಹಾಳೆ. ಅದನ್ನು ಕನ್ನಡದಲ್ಲೇ ಬರೆದಿದ್ದರು, ಅವಳಿಗೆ ಅರ್ಥವಾಗಲಿ ಅಂತ. ಇಂಥ ತಾರೀಕಿನಂದು ಪಾತ್ರೆ ತೊಳೆಯುವ ವಿಭಾಗದ ಗುತ್ತಿಗೆ ಕೆಲಸಗಾರ್ತಿ ಆಶಾರಾಣಿ ಎಂಬುವರು ಯಾರ ಅನುಮತಿಯೂ ಇಲ್ಲದೆ ಪ್ರಯೋಗಾಲಯಕ್ಕೆ ಪ್ರವೇಶಿಸಿ, ತರಬೇತಿ ಇಲ್ಲದೆ ಪರೀಕ್ಷೆಯನ್ನು ಮಾಡಿ, ಆ ಮೂಲಕ ಕಂತು ಕೆಟ್ಟಿದ್ದನ್ನು ತಿಳಿಯದಂತೆ ಮಾಡಿರುತ್ತಾರೆ. ಸದರಿ ದಿನವನ್ನು ಹೊರತುಪಡಿಸಿ ಬೇರಾವ ದಿನವೂ ಅವರು ಪ್ರಯೋಗಾಲಯದಲ್ಲಿ ಕೆಲಸ ಮಾಡಿರುವುದಿಲ್ಲ. ಈ ಕಾರಣದಿಂದ ಅವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ.

ಅವಳು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ಎರಡು ಸಲ ಓದಿದಳು. ಅವಳ ಹೆಸರು ಆ ಪ್ರಯೋಗಾಲಯದ ಕಾಗದವೊಂದರಲ್ಲಿ ಬಂದದ್ದು ಅದೇ ಮೊದಲು.

"ಸಾರ್, ಕೆಟ್ಟ ದಿನ ನಂದು ಅಂತ ಬರ್ದಿದೀರ. ಸರಿ, ನಂದೇ. ಐದ್ ವರ್ಷ ಒಂದೂ ಕೆಡದಂಗೆ ಬದುಕ್ಸಿದ್ನಲ್ಲ, ಅದು ಯಾರ್ದು?"

ಮುನೀಂದ್ರ ಸಾಹೇಬರು ಕಿಟಕಿಯ ಕಡೆ ನೋಡುತ್ತಿದ್ದರು. ಆಡಳಿತದವರು ಪೆನ್ನು ಮುಂದಕ್ಕೆ ತಳ್ಳಿದರು. ಅವಳು ಬಗ್ಗಿ, ಅಕ್ಷರ ಅಕ್ಷರ ಬಿಡಿಸಿ ತನ್ನ ಹೆಸರು ಬರೆದಳು. ಹಾಳೆಯನ್ನು ನನ್ನ ಕಡೆ ತಿರುಗಿಸಿಟ್ಟಳು. ಅವಳ ರುಜುವಿನ ಕೆಳಗೆ, ಮೇಲೆ ಹೇಳಿದ್ದೆಲ್ಲ ನಿಜವೆಂದು ಬಲ್ಲ ಸಾಕ್ಷಿ ಅಂತ ಒಂದು ಗೆರೆ ಇತ್ತು. ಅಲ್ಲಿ ನನ್ನ ಹೆಸರನ್ನು ಮೊದಲೇ ಟೈಪು ಮಾಡಿದ್ದರು.

ನಾನು ರುಜು ಹಾಕಿದೆ.